ರಾಯರ ರಿವಿಷನ್

ವಡೋದರಾದ ಆಲ್ಕಾಪುರಿಗೆ ಹೊಸದಾಗಿ ಬರುವ ಕನ್ನಡದವರಿಗೆ ರಾಯರನ್ನು ಯಾರೂ ಪರಿಚಯ ಮಾಡಿಸಬೇಕಾಗಿರಲಿಲ್ಲ. ಅವರೇ ಬರುತ್ತಿದ್ದರು. ಲಾರಿಯಿಂದ ಬೀರು ಇಳಿಯುವ ಮೊದಲೇ ಗೇಟಿನ ಹತ್ತಿರ ನಿಂತು, "ನಿಮ್ಮ ಮನೆಯದು ಇಂಟೆಲ್ಲೋ, ಎಎಂಡಿಯೋ?" ಎಂದು ಕೇಳಿ ಆಗಿರುತ್ತಿತ್ತು. ಹಿಂದಿನವರು ಗೋತ್ರ ಕೇಳುತ್ತಿದ್ದ ಜಾಗದಲ್ಲಿ ಇವರು ಪ್ರೊಸೆಸರ್ ಕೇಳುತ್ತಿದ್ದರು. ಉತ್ತರ ಏನೇ ಬರಲಿ, ಮುಂದಿನ ಮಾತು ಒಂದೇ: "ಹೂಂ, ಸದ್ಯಕ್ಕೆ ನಡೀತದೆ. ನಾನು ಇನ್ನಾರು ತಿಂಗಳಲ್ಲಿ ಅಪ್‌ಗ್ರೇಡ್ ಮಾಡ್ತಾ ಇದೀನಿ, ಆಗ ಬಂದು ನೋಡಿ."

ಆ ಆರು ತಿಂಗಳು 2005ರಲ್ಲಿ ಶುರುವಾಗಿ 2013ರವರೆಗೆ ನಡೆಯಿತು.

ರಾಯರು ಸುರತ್ಕಲ್ಲಿನ ಕೆ.ಆರ್.ಇ.ಸಿ.ಯಲ್ಲಿ ಓದಿ, ಎಪ್ಪತ್ತರ ದಶಕದಲ್ಲಿ ಇಲ್ಲಿನ ಐಪಿಸಿಎಲ್ ಕಾರ್ಖಾನೆಗೆ ಸೇರಿ, ಪೈಪು-ವಾಲ್ವುಗಳ ನಡುವೆ ಕೂದಲು ಬೆಳ್ಳಗಾಗಿಸಿಕೊಂಡು ನಿವೃತ್ತರಾದವರು. ಕುಬೇರನ ಪಟ್ಟಣದ ಹೆಸರಿಟ್ಟುಕೊಂಡ ಬಡಾವಣೆ ಇದು. ಬಾಡಿಗೆಯೂ ಹೆಸರಿಗೆ ತಕ್ಕ ಹಾಗೇ ಇದೆ. ರಾಯರು ಬುದ್ಧಿವಂತಿಕೆಯಿಂದ ಬೆಲೆ ಏರುವ ಮೊದಲೇ ಫ್ಲ್ಯಾಟು ಕೊಂಡಿದ್ದರು. ಅವರು ಯೋಚನೆ ಮಾಡದೆ ಕೊಂಡ ವಸ್ತು ಅದೊಂದೇ ಎಂದು ಶ್ರೀಮತಿಯವರು ಹೇಳುತ್ತಿದ್ದರು.

ಎಲ್ಲಕ್ಕೂ ಮೂಲ ಒಂದು ಟಿವಿ. ಶ್ರೀಮತಿಯವರಿಗೆ ರಾತ್ರಿ ಉದಯ ಟಿವಿಯ ಧಾರಾವಾಹಿ ಬೇಕು. ಅದು ಕೇಬಲ್ಲಿನಲ್ಲಿ, ಗುಜರಾತಿ ಭಜನೆ ಚಾನಲ್ಲುಗಳನ್ನೆಲ್ಲ ದಾಟಿದ ಮೇಲೆ, ಸ್ವಲ್ಪ ಮಳೆಹನಿ ಹಾಕಿದಂತೆ ಬರುತ್ತಿತ್ತು. ರಾಯರಿಗೆ ಬೇಕಾದದ್ದು ಚಂದನ. 2004ರ ಡಿಸೆಂಬರಿನಲ್ಲಿ ದೂರದರ್ಶನದವರು ಡಿಡಿ ಡೈರೆಕ್ಟ್ ಪ್ಲಸ್ ಶುರು ಮಾಡಿ, ಒಮ್ಮೆ ತಟ್ಟೆ ಹಾಕಿಸಿದರೆ ತಿಂಗಳ ಬಾಡಿಗೆ ಇಲ್ಲ ಎಂದಾಗ, ಈ ಕಟ್ಟಡದಲ್ಲಿ ಮೊದಲ ತಟ್ಟೆ ಹತ್ತಿದ್ದು ರಾಯರ ತಾರಸಿಗೆ. 2002ರಿಂದ ನಾ. ಸೋಮೇಶ್ವರರು ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ಅವರಿಗೆ ಸಂಧ್ಯಾವಂದನೆಗಿಂತ ಹೆಚ್ಚು ನಿಯಮದ್ದು. ಸ್ಪರ್ಧಿ ಬಾಯಿ ತೆರೆಯುವ ಮೊದಲೇ ಸೋಫಾದಿಂದ ಉತ್ತರ ಹಾರುತ್ತಿತ್ತು. ಸರಿ ಉತ್ತರಕ್ಕೆ ಅಲ್ಲಿ ಪುಸ್ತಕ ಕೊಡುತ್ತಾರಲ್ಲ, ಹಾಗೆ ಸೋಫಾದ ಮೇಲೆ ಗೆದ್ದ ಪುಸ್ತಕಗಳ ಲೆಕ್ಕವನ್ನೂ ಅವರು ಇಟ್ಟಿದ್ದರು. ತಪ್ಪು ಉತ್ತರಗಳ ಲೆಕ್ಕ ಶ್ರೀಮತಿಯವರ ಹತ್ತಿರ ಇತ್ತು.

ಎರಡೂ ಕಾರ್ಯಕ್ರಮ ಒಂದೇ ಹೊತ್ತಿಗೆ ಬಂದು ಡಿಕ್ಕಿ ಹೊಡೆದಾಗ ಯಾರೇ ಆದರೂ ಇನ್ನೊಂದು ಸಣ್ಣ ಟಿವಿ ತರುತ್ತಿದ್ದರು. ನಾನೂ ಹಾಗೇ ಅಂದೆ. "ಅದು ಪರಿಹಾರ ಅಲ್ಲಪ್ಪಾ, ಅದು ಖರ್ಚು" ಎಂದರು ರಾಯರು. ಪರಿಹಾರ ಎಂದರೆ ಟಿವಿಯ ಕೆಳಗಿನ ಖಾನೆಯಲ್ಲಿ ಕೂರುವಷ್ಟು ಪುಟ್ಟ ಕಂಪ್ಯೂಟರ್. ಅದರ ಹೊಟ್ಟೆಯಲ್ಲಿ ಟಿವಿ ಟ್ಯೂನರ್ ಕಾರ್ಡ್. ಒಂದು ಚಾನಲ್ ನೋಡುತ್ತಿರುವಾಗ ಇನ್ನೊಂದು ತಾನಾಗಿ ರೆಕಾರ್ಡ್ ಆಗಬೇಕು. ಶಬ್ದ ಬರಬಾರದು, ಬಿಸಿ ಆಗಬಾರದು, ಮುಖ್ಯವಾಗಿ ಮನೆಯಲ್ಲಿ ಅದು ಕಂಪ್ಯೂಟರ್ ಎಂದು ಯಾರಿಗೂ ಗೊತ್ತಾಗಬಾರದು. ಕೊನೆಯ ಷರತ್ತು ಶ್ರೀಮತಿಯವರದು.

ರಾಯರು ನಕ್ಷೆ ಬರೆದರು. ಮೂವತ್ತು ವರ್ಷ ಕಾರ್ಖಾನೆಯ ಪೈಪ್‌ಲೈನ್ ನಕ್ಷೆ ಬರೆದ ಕೈ. ಎಲ್‌ಐಸಿ ಕ್ಯಾಲೆಂಡರಿನ ಹಿಂಬದಿಯ ಮೇಲೆ ತಾರಸಿಯ ತಟ್ಟೆ ಒಂದು ಟ್ಯಾಂಕ್ ಆಗಿ, ಸೆಟ್‌ಟಾಪ್ ಪೆಟ್ಟಿಗೆ ಪಂಪ್ ಆಗಿ, ಟ್ಯೂನರ್ ಕಾರ್ಡ್ ಕಂಟ್ರೋಲ್ ವಾಲ್ವ್ ಆಗಿ, ಹಾರ್ಡ್ ಡಿಸ್ಕ್ ಸ್ಟೋರೇಜ್ ಟ್ಯಾಂಕ್ ಆಗಿ ಮೂಡಿದವು. ತುರ್ತು ಸಂದರ್ಭಕ್ಕೆ ಒಂದು ಬೈಪಾಸ್ ಲೈನ್ ಕೂಡ ಇತ್ತು. ಮೂಲೆಯಲ್ಲಿ ಚೌಕ ಹಾಕಿ ದಿನಾಂಕ, ಸಹಿ, 'ರಿವಿಷನ್ 0'. ಶ್ರೀಮತಿಯವರು ಕನ್ನಡಕ ಹಾಕಿಕೊಂಡು ನೋಡಿ, "ಇದರಲ್ಲಿ ನನ್ನ ಧಾರಾವಾಹಿ ಎಲ್ಲಿಂದ ಬರತ್ತೆ ರೀ?" ಎಂದರು. ರಾಯರು ಬೆರಳಿಟ್ಟು ತೋರಿಸಿದರು. ಅದು ಬೈಪಾಸ್ ಲೈನಿನಲ್ಲಿ ಬರುತ್ತಿತ್ತು. ಅಂದೇ ರಾತ್ರಿ ರಿವಿಷನ್ 1 ಆಯಿತು.

ಅವರ ಜ್ಞಾನದ ಬಗ್ಗೆ ಹಗುರವಾಗಿ ಮಾತಾಡುವಂತಿಲ್ಲ. ಅಗ್ಗದ ಟ್ಯೂನರ್ ಕಾರ್ಡ್ ಚಿತ್ರವನ್ನು ಬರೀ ಒಳಗೆ ತಳ್ಳುತ್ತದೆ, ಅದನ್ನು ಹಿಂಡಿ ಸಣ್ಣದು ಮಾಡುವ ಕೆಲಸವೆಲ್ಲ ಪ್ರೊಸೆಸರಿನ ತಲೆಗೆ ಬೀಳುತ್ತದೆ, ಅದಕ್ಕೆ ಪುರುಸೊತ್ತಿಲ್ಲದಾಗ ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತದೆ ಎಂದು ಅವರು ವಿವರಿಸಿದರೆ ನನ್ನಂಥವನಿಗೂ ಅರ್ಥವಾಗುತ್ತಿತ್ತು. ಅದಕ್ಕೇ ಅವರ ಪಟ್ಟಿಯಲ್ಲಿ ಹಾಪಾಗ್ ಕಂಪನಿಯ ಪಿವಿಆರ್-150 ಇತ್ತು. ಎಂಪೆಗ್-2 ಮಾಡುವ ಚಿಪ್ಪು ಅದರ ಮೈಮೇಲೇ ಇದೆ. ಗಂಟೆಗೆ ಸುಮಾರು 2 ಜಿಬಿ. ಅಂದರೆ ಅರ್ಧ ಗಂಟೆಯ ಸೋಮೇಶ್ವರರು 1 ಜಿಬಿ. 160 ಜಿಬಿಯ ಡಿಸ್ಕ್ ತಂದರೆ ಕಂಪ್ಯೂಟರ್ ಅದನ್ನು 149 ಎಂದು ತೋರಿಸುತ್ತದೆ ಎಂಬುದು ಅವರ ದೊಡ್ಡ ಕೊರಗು. ಕಾರಣ ಅವರಿಗೆ ಚೆನ್ನಾಗಿ ಗೊತ್ತಿತ್ತು, ಒಬ್ಬರು ಸಾವಿರದಿಂದ ಗುಣಿಸುತ್ತಾರೆ, ಇನ್ನೊಬ್ಬರು 1024ರಿಂದ ಭಾಗಿಸುತ್ತಾರೆ. ಆದರೂ, "ಹನ್ನೊಂದು ಜಿಬಿ ಅಂದ್ರೆ ಹನ್ನೊಂದು ಎಪಿಸೋಡ್ ಕಣಯ್ಯಾ, ಹಾಲಿನವನೂ ಇಷ್ಟು ನೀರು ಬೆರೆಸಲ್ಲ" ಎನ್ನುತ್ತಿದ್ದರು.

ಪೆಟ್ಟಿಗೆ ಚಿಕ್ಕದಾಗಬೇಕೆಂದರೆ ಬೋರ್ಡೂ ಚಿಕ್ಕದಾಗಬೇಕು. ತೈವಾನಿನ ವಿಯಾ ಕಂಪನಿ 2001ರಲ್ಲಿ ತಂದ ಮಿನಿ-ಐಟಿಎಕ್ಸ್, ಉದ್ದಗಲ 17 ಸೆಂಟಿಮೀಟರ್. ರಾಯರು ರಟ್ಟಿನಲ್ಲಿ ಆ ಅಳತೆಯ ಚೌಕ ಕತ್ತರಿಸಿ ಟಿವಿ ಕೆಳಗಿಟ್ಟು ದಿನಗಟ್ಟಲೆ ನೋಡಿದರು. ಸೊಗಸಾಗಿ ಕೂತಿತು. ಆದರೆ ಅದರಲ್ಲಿ ಕಾರ್ಡ್ ಸಿಕ್ಕಿಸಲು ಒಂದೇ ಸ್ಲಾಟು, ಮನೆಯಲ್ಲಿ ಚಾನಲ್ ಎರಡು. ಒಬ್ಬರು ಬಿಟ್ಟುಕೊಡಬೇಕು. ಆ ರಟ್ಟಿನ ಮೇಲೆ ಶ್ರೀಮತಿಯವರು ಹಾಲಿನ ಪಾತ್ರೆ ಇಡುವುದಕ್ಕೆ ಶುರು ಮಾಡಿದರು.

ಕೊಳ್ಳಲು ಹೋಗಲೇ ಇಲ್ಲ ಎಂದಲ್ಲ. ರೈಲು ಹಳಿಯ ಆಚೆ ಸಯಾಜಿಗಂಜ್‌ನ ಅಂಗಡಿಗೆ ರಾಯರು ಲೆಕ್ಕವಿಲ್ಲದಷ್ಟು ಸಲ ಹೋಗಿದ್ದಾರೆ. ಹೋದಾಗಲೆಲ್ಲ ಹೊಸ ಕೊಟೇಶನ್ ಬರೆಸಿಕೊಂಡು, ಒಂದು ಚಾ ಕುಡಿದು ಬರುವುದು. ಕೊನೆಗೊಂದು ದಿನ ಅಂಗಡಿಯ ಹುಡುಗ ಗುಜರಾತಿಯಲ್ಲೇ ಕೇಳಿದ: "ಕಾಕಾ, ಲೇವಾನುಂ ಛೇ ಕೆ ಖಾಲಿ ಪೂಛವಾನುಂ?" ತಗೊಳ್ಳೋದಾ, ಬರೀ ಕೇಳೋದಾ ಎಂದು. ರಾಯರಿಗೆ ಬೇಜಾರೇನೂ ಆಗಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಷ್ಟು ಹೊತ್ತಿಗೆ ಚಾ ಕೂಡ ಕೊಡುತ್ತಿರಲಿಲ್ಲ ಎಂದು ಇಲ್ಲಿನವರನ್ನು ಹೊಗಳಿದರು.

ಇನ್ನು ಕಾಲ ಕೂಡಿ ಬರುವುದಿತ್ತು. ಮಳೆಗಾಲದಲ್ಲಿ ಆಲ್ಕಾಪುರಿಯ ಗರನಾಳದಲ್ಲಿ, ಅಂದರೆ ರೈಲು ಹಳಿಯ ಕೆಳಗಿನ ದಾರಿಯಲ್ಲಿ, ನೀರು ನಿಂತು ಆಚೆಗೆ ಹೋಗುವುದೇ ತಾಪತ್ರಯ. ಮಳೆ ನಿಂತರೆ ನವರಾತ್ರಿ. ಊರಿಗೆ ಊರೇ ಗರ್ಬಾ ಕುಣಿದು ಬೆಳಿಗ್ಗೆ ಆಕಳಿಸುವಾಗ ಯಾರು ಕಾರ್ಡ್ ತೋರಿಸುತ್ತಾರೆ? ದೀಪಾವಳಿಗೆ ಬೆಲೆ ಜಾಸ್ತಿ. ಆಮೇಲೆ ಲಾಭಪಂಚಮಿಯವರೆಗೆ ಅಂಗಡಿ ಮುಚ್ಚಿರುತ್ತದೆ. ಡಿಸೆಂಬರ್ ಮಧ್ಯದಿಂದ ಕಮುರ್ತಾ, ನಮ್ಮ ಧನುರ್ಮಾಸ. ಹೊಸ ವಸ್ತು ಮನೆಗೆ ತರಬಾರದು. ಬೇರೆ ಯಾವ ಶಾಸ್ತ್ರವನ್ನೂ ನಂಬದ ರಾಯರು ಇದೊಂದನ್ನು ಗುಜರಾತಿಗಳಿಂದ ಶ್ರದ್ಧೆಯಿಂದ ಕಲಿತರು. ಬೇಸಿಗೆಯಲ್ಲಿ ಉಷ್ಣಾಂಶ ನಲವತ್ತು ದಾಟಿದಾಗ ಫ್ಯಾನಿಲ್ಲದ ಪುಟ್ಟ ಪೆಟ್ಟಿಗೆಯನ್ನು ತಂದು ಕೊಲ್ಲುವುದುಂಟೇ?

ಮಧ್ಯೆ ಮಧ್ಯೆ ಆಕಾಶವೂ ಕೈಕೊಡುತ್ತಿತ್ತು. 2007ರಲ್ಲಿ ಇನ್ಸ್ಯಾಟ್-4ಬಿ ಮೇಲೇರಿ ಡಿಡಿ ಡೈರೆಕ್ಟ್ 95 ಡಿಗ್ರಿಯಿಂದ 93.5ಕ್ಕೆ ಸರಿದಾಗ ರಾಯರು ಕೋನಮಾಪಕ ಹಿಡಿದು ತಾರಸಿ ಹತ್ತಿದರು. ಇಲ್ಲಿಂದ ಆ ಉಪಗ್ರಹ ಇರುವುದು ಸರಿಯಾಗಿ ಆಗ್ನೇಯಕ್ಕೆ. "ನೋಡಯ್ಯಾ, ಕರ್ನಾಟಕ ಇರೋದು ದಕ್ಷಿಣಕ್ಕೆ, ಕನ್ನಡ ಬರೋದು ಅಗ್ನಿಮೂಲೆಯಿಂದ" ಎಂದು ಅಲ್ಲಿಂದಲೇ ಕೂಗಿದರು. ಕೆಳಗಿನಿಂದ ಶ್ರೀಮತಿಯವರು "ಬಂತು... ಹೋಯ್ತು... ಬಂತು" ಎನ್ನುತ್ತಿದ್ದರು. ಉತ್ತರಾಯಣದ ಎರಡು ದಿನ ಅದೂ ಇಲ್ಲ. ಇಡೀ ವಡೋದರಾ ತಾರಸಿಯ ಮೇಲಿರುವ ಹಬ್ಬ ಅದು. ಹುಡುಗರು ಗಾಳಿಪಟ ಹಿಡಿಯಲು ತಟ್ಟೆಯ ಕಂಬಕ್ಕೇ ಕಾಲು ಕೊಟ್ಟು ನಿಲ್ಲುತ್ತಾರೆ, ಮಾಂಜಾ ತಟ್ಟೆಯ ಕೊಂಬಿಗೆ ಸುತ್ತಿಕೊಳ್ಳುತ್ತದೆ, ಎಲ್ಲೋ "ಕಾಯ್‌ಪೋ ಛೇ!" ಎಂಬ ಕೂಗೆದ್ದಾಗ ಚಂದನದ ವಾರ್ತೆಯೂ ಕತ್ತರಿಸಿ ಬೀಳುತ್ತದೆ.

ನ್ಯೂಜೆರ್ಸಿಯ ಮಗನಿಗೆ ಅಪ್ಪನ ಪಾಡು ನೋಡಲಾಗಲಿಲ್ಲ. ರಜಕ್ಕೆ ಬಂದಾಗ ಅದೇ ಪಿವಿಆರ್-150ನ್ನು ಬಟ್ಟೆಗಳ ನಡುವೆ ಸುತ್ತಿ ತಂದ. ರಾಯರು ಪೊಟ್ಟಣ ಬಿಚ್ಚಿದರು. ಮುಖ ಸ್ವಲ್ಪ ಕಳೆಗುಂದಿತು. ಹೆಣ್ಣು ನೋಡುವ ಶಾಸ್ತ್ರವಿಲ್ಲದೆ ನೇರ ಧಾರೆಗೆ ಕರೆದರೆ ಯಾರಿಗಾದರೂ ಹಾಗೇ. ಆಮೇಲೆ ಕಾರ್ಡನ್ನು ತಿರುವಿ, ಕನ್ನಡಕ ಮೇಲೆತ್ತಿ, ಸಣ್ಣ ಅಕ್ಷರ ಓದಿದರು. ಮುಖ ಅರಳಿತು. "ಎನ್‌ಟಿಎಸ್‌ಸಿ! ಇದು ಅಮೆರಿಕದ ಟ್ಯೂನರ್ ಕಣೋ. ಅಲ್ಲಿ 525 ಗೆರೆ, ಸೆಕೆಂಡಿಗೆ ಮೂವತ್ತು ಚಿತ್ರ. ನಮ್ಮದು ಪಾಲ್, 625 ಗೆರೆ, ಇಪ್ಪತ್ತೈದು ಚಿತ್ರ. ನಮ್ಮ ಕೇಬಲ್ಲಿಗೆ ಇದು ಟ್ಯೂನ್ ಆಗೋದೇ ಇಲ್ಲ!" ಮಗ ತಲೆ ಮೇಲೆ ಕೈಹೊತ್ತು ಕೂತ. ಅಪ್ಪ ಅವನ ಬೆನ್ನು ತಟ್ಟಿ, ರಿವಿಷನ್ 14ಕ್ಕೆ ಹೊಸ ಹಾಳೆ ಹುಡುಕಲು ಎದ್ದರು.

ಅಷ್ಟರಲ್ಲಿ ಶ್ರೀಮತಿಯವರ ಹತ್ತಿರ ಒಂದು ರೆಕಾರ್ಡಿಂಗ್ ವ್ಯವಸ್ಥೆ ಎಂದೋ ಚಾಲ್ತಿಯಲ್ಲಿತ್ತು. ಮೈಸೂರಿನ ತಂಗಿ. ಬೆಳಿಗ್ಗೆ ತಿಂಡಿಯಾದ ಮೇಲೆ ಫೋನ್: "ನಿನ್ನೆ ಏನಾಯ್ತೇ?" ತಂಗಿ ಜಾಹೀರಾತು ತೆಗೆದು, ಅಳುವ ದೃಶ್ಯಗಳನ್ನು ಒಂದೊಂದು ವಾಕ್ಯಕ್ಕೆ ಇಳಿಸಿ, ಅತ್ತೆ ಪಾತ್ರಧಾರಿಯ ಸೀರೆಯ ಬಣ್ಣವನ್ನೂ ಸೇರಿಸಿ ಐದು ನಿಮಿಷದಲ್ಲಿ ಒಪ್ಪಿಸುತ್ತಿದ್ದಳು. ಈ ಮಟ್ಟದ ಕಂಪ್ರೆಷನ್ ಎಂಪೆಗ್-2ಗೆ ಸಾಧ್ಯವಿಲ್ಲ ಎಂದು ರಾಯರೇ ಒಪ್ಪಿಕೊಂಡಿದ್ದರು.

2008ರಲ್ಲಿ ಇಂಟೆಲ್ ತನ್ನ ಆಟಮ್ ಪ್ರೊಸೆಸರನ್ನು ಮಿನಿ-ಐಟಿಎಕ್ಸ್ ಬೋರ್ಡಿಗೇ ಬೆಸೆದು ಬಿಟ್ಟಾಗ ರಾಯರು ಬಹಳ ಹತ್ತಿರ ಬಂದರು. ಚೆಕ್‌ಬುಕ್ ಜೇಬಿನಲ್ಲಿತ್ತು ಎನ್ನುತ್ತಾರೆ. ಅದೇ ವರ್ಷ ಟಾಟಾ ಸ್ಕೈಯವರು ರೆಕಾರ್ಡ್ ಮಾಡುವ ಪೆಟ್ಟಿಗೆಯನ್ನೇ ಮಾರತೊಡಗಿದರು. ಕಟ್ಟಡದ ಮೇಲಿನ ಮನೆಯ ಪಟೇಲರು ಮಧ್ಯಾಹ್ನ ಫೋನ್ ಮಾಡಿ, ಸಂಜೆ ಹಾಕಿಸಿಕೊಂಡು, ರಾತ್ರಿ ಕ್ರಿಕೆಟ್ ರೆಕಾರ್ಡ್ ಮಾಡಿದರು. ರಾಯರು ಹೋಗಿ ನೋಡಿ ಬಂದು, "ಒಳಗೆ ಏನಿದೆ ಅಂತ ತೆಗೆದು ನೋಡೋ ಹಾಗಿಲ್ಲ. ಅಂಥದ್ದನ್ನು ಎಂಜಿನಿಯರ್ ಆದವನು ತಗೋಬಾರದು" ಎಂದರು.

ಕಡೆಗೆ ಸರಕಾರವೇ ಕೈಹಾಕಿತು. ಕೇಬಲ್ ಡಿಜಿಟಲ್ ಆಗಬೇಕು, ಎರಡನೆಯ ಹಂತದ 38 ನಗರಗಳಿಗೆ 2013ರ ಮಾರ್ಚ್ 31 ಗಡುವು: ಅಹಮದಾಬಾದ್, ಸೂರತ್, ರಾಜ್‌ಕೋಟ್, ವಡೋದರಾ, ನಮ್ಮ ಕಡೆ ಬೆಂಗಳೂರು, ಮೈಸೂರು. ಹಳೆಯ ತಂತಿಯಲ್ಲಿ ಚಾನಲ್ ಹಿಡಿಯುವ ಟ್ಯೂನರಿಗೆ ಇನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ನಾನು ಸಂತಾಪ ಹೇಳುವ ಮುಖ ಮಾಡಿಕೊಂಡು ಹೋದೆ. ರಾಯರು ನೆಲದ ಮೇಲೆ ಹೊಸ ಕ್ಯಾಲೆಂಡರ್ ಹರಡಿಕೊಂಡು ಕೂತಿದ್ದರು.

"ಸರಿಯಾಯ್ತು ಬಿಡು. ಇನ್ನು ಪೆಟ್ಟಿಗೆಯಿಂದ ಎವಿ ಕೇಬಲ್ ತಂದು ಕಾರ್ಡಿಗೆ ಕೊಟ್ಟರಾಯ್ತು, ಮಗ ತಂದ ಕಾರ್ಡೂ ನಡೆಯತ್ತೆ. ಒಂದೇ ತೊಂದರೆ. ರೆಕಾರ್ಡ್ ಮಾಡೋ ಹೊತ್ತಿಗೆ ಪೆಟ್ಟಿಗೆಯ ಚಾನಲ್ ಬದಲಾಯಿಸೋರು ಯಾರು? ಅದಕ್ಕೆ ಐಆರ್ ಬ್ಲಾಸ್ಟರ್ ಅಂತ ಬರತ್ತೆ, ಕಂಪ್ಯೂಟರ್ರೇ ರಿಮೋಟ್ ಒತ್ತಿದ ಹಾಗೆ..."

"ಚಾನಲ್ ಬದಲಾಯಿಸೋಕೆ ಯಂತ್ರ ಯಾಕ್ರೀ? ರಿಮೋಟ್ ಹೇಗೂ ನನ್ನ ಕೈಲೇ ಇರತ್ತೆ" ಎಂದರು ಶ್ರೀಮತಿಯವರು, ಟಿವಿಯಿಂದ ಕಣ್ಣು ತೆಗೆಯದೆ.

ರಾಯರು ಪೆನ್ಸಿಲ್ ಕಿವಿಗಿಟ್ಟು ಯೋಚಿಸಿದರು. ನಕ್ಷೆಯಲ್ಲಿ ಬ್ಲಾಸ್ಟರ್ ಹೊಡೆದು ಹಾಕಿ ಪಕ್ಕದಲ್ಲಿ 'ಆಪರೇಟರ್: 1' ಎಂದು ಬರೆದು, "ರಾತ್ರಿ ಪಾಳಿ. ಒಪ್ಪಿಗೆಯಾ?" ಎಂದು ಕೇಳಿದರು.

"ಓವರ್‌ಟೈಮ್ ಎಷ್ಟು ಕೊಡ್ತೀರಿ?"

ರಾಯರು ರಬ್ಬರ್ ಹುಡುಕಿದರು.