ಓನರ್ ಅಂಕಲ್ ಅವರ ಸೋದರಳಿಯಂದಿರು

ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಮೂರು ಅಂತಸ್ತು ಎಬ್ಬಿಸಿ, ಕೆಳಗೆ ತಾವಿದ್ದು ಮೇಲಿನದನ್ನೆಲ್ಲ ಬಾಡಿಗೆಗೆ ಬಿಟ್ಟವರಿಗೆ ಸ್ವಂತ ಹೆಸರಿರುವುದು ಖಾತಾದಲ್ಲಿ ಮಾತ್ರ. ಮಿಕ್ಕಂತೆ ಅವರು ಓನರ್ ಅಂಕಲ್. ಬೆಳಿಗ್ಗೆ ಪಂಚೆ ಮೇಲಕ್ಕೆ ಕಟ್ಟಿ ಮೋಟರ್ ಹಾಕುತ್ತಾರೆ, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಜಡಿಯುತ್ತಾರೆ. ನಡುವೆ, ಮೇಲಿನವರು ನೀರು ಎಷ್ಟು ಖರ್ಚು ಮಾಡುತ್ತಾರೆ ಎಂದು ಪೈಪಿನ ಸದ್ದಿನಿಂದಲೇ ಅಳೆಯುತ್ತಾರೆ.

ಅವರ ಪ್ರತಿಭೆ ಪೂರ್ತಿ ಅರಳುವುದು ಏಪ್ರಿಲ್‌ನಲ್ಲಿ. ಆ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇ. 5 ಕಡಿತ ಇದೆ, ನಿಜ. ಅದು ಎಲ್ಲರಿಗೂ ಸಿಗುವ ಪ್ರಸಾದ. ಅಂಕಲ್ ಕಣ್ಣು ‘ಸ್ವಂತ ವಾಸ’ ಎಂಬ ಕಾಲಮ್ಮಿನ ಮೇಲೆ. 2008ರಲ್ಲಿ ವಲಯವಾರು ದರ ಬಂದಾಗ ಡಿ ವಲಯದ ಆರ್‌ಸಿಸಿ ಮನೆಗೆ ಬಾಡಿಗೆಯಾದರೆ ಚದರಡಿಗೆ ತಿಂಗಳಿಗೆ 3.20 ರೂಪಾಯಿ, ಮಾಲೀಕರೇ ಇದ್ದರೆ 1.60. ಅದನ್ನು ಹತ್ತು ತಿಂಗಳಿಗೆ ಗುಣಿಸಿ, ಕಟ್ಟಡದ ವಯಸ್ಸು ನೋಡಿ ಸವಕಳಿ ಕಳೆದು, ಉಳಿದದ್ದರ ಶೇ. 20 ತೆರಿಗೆ, ಮೇಲೆ ಸೆಸ್ಸು. ಇಷ್ಟನ್ನೂ ನಾವೇ ಘೋಷಿಸಿಕೊಳ್ಳಬೇಕು. ಉತ್ತರಪತ್ರಿಕೆ ಬರೆದವನ ಕೈಗೇ ಕೆಂಪು ಪೆನ್ನು ಕೊಟ್ಟ ಹಾಗೆ. ಅಂಕಲ್ ತಮಗೆ ತಾವೇ ನೂರಕ್ಕೆ ನೂರು ಹಾಕಿಕೊಂಡರು: ಮೂರೂ ಮಹಡಿ ಸ್ವಂತ ವಾಸ.

ಉಳಿದದ್ದೆಷ್ಟು? 800 ಚದರಡಿಯ ಒಂದು ಮಹಡಿಗೆ ವರ್ಷಕ್ಕೆ 2,560 ರೂಪಾಯಿ. 2016ರ ಏರಿಕೆ, ಸೆಸ್ಸು ಎಲ್ಲ ಸೇರಿಸಿದರೂ ನಾಲ್ಕು ಸಾವಿರ ಮುಟ್ಟುವುದಿಲ್ಲ. ಆ ಮಹಡಿಯ ಬಾಡಿಗೆ ತಿಂಗಳಿಗೆ ಇಪ್ಪತ್ತೈದು ಸಾವಿರ. ಐದು ದಿನದ ಬಾಡಿಗೆಯೂ ಆಗದ ಈ ದುಡ್ಡಿಗಾಗಿ ಅಂಕಲ್ ಇಡೀ ವಂಶವೃಕ್ಷವನ್ನೇ ಹೊಸದಾಗಿ ನೆಟ್ಟಿದ್ದಾರೆ. ಮೊದಲ ಮಹಡಿಯ ಲಖನೌ ಹುಡುಗ ತಂಗಿಯ ಮಗ. ಎರಡನೆಯ ಮಹಡಿಯ ಗುವಾಹಟಿ ದಂಪತಿ ಷಡ್ಡಕರ ಕಡೆಯವರು. ಅಂಕಲ್‌ಗೆ ತಂಗಿ ಇಲ್ಲ ಎನ್ನುವುದು ಬೀದಿಗೆಲ್ಲ ಗೊತ್ತು.

ಹೀಗೆ ಸುಖವಾಗಿದ್ದ ಕುಟುಂಬಕ್ಕೆ 2023ರಲ್ಲಿ ಗೃಹಜ್ಯೋತಿ ಬಂತು. ಇನ್ನೂರು ಯೂನಿಟ್‌ವರೆಗೆ ಕರೆಂಟು ಪುಕ್ಕಟೆ; ಆದರೆ ಒಬ್ಬರ ಆಧಾರ್‌ಗೆ ಒಂದೇ ಮೀಟರು. ಗೋಡೆಯ ಮೇಲೆ ಮೂರು ಮೀಟರು, ಅಂಕಲ್ ಒಬ್ಬರೇ. ಬಾಡಿಗೆದಾರರೂ ಅರ್ಜಿ ಹಾಕಬಹುದು ಎಂದು ತಿಳಿದದ್ದೇ ತಡ, ಅಂಕಲ್ ತಾವೇ ಮುಂದೆ ನಿಂತು ಸೇವಾಸಿಂಧುವಿನಲ್ಲಿ ಸೋದರಳಿಯನನ್ನು ಬಾಡಿಗೆದಾರ ಮಾಡಿದರು. ಸಂಬಂಧ ಎನ್ನುವುದು ಯಾವ ಕಚೇರಿ ಕೇಳುತ್ತದೆ ಎನ್ನುವುದರ ಮೇಲೆ ಹೋಗುತ್ತದೆ ಎಂಬುದು ಅವರ ನಂಬಿಕೆ. ಆ ನಂಬಿಕೆಯಲ್ಲಿ ಅವರೊಬ್ಬರೇ ಇಲ್ಲ ಅನ್ನಿ.

ಒಂದು ದಿನ ಕಂದಾಯ ಇನ್ಸ್‌ಪೆಕ್ಟರು ಬಂದರು. ಅಂಕಲ್ ಫೈಲು ಸಿದ್ಧವಿಟ್ಟಿದ್ದರು: ತಮ್ಮ ರೇಷನ್ ಕಾರ್ಡು, ವೋಟರ್ ಕಾರ್ಡು, ಗ್ಯಾಸ್ ಪುಸ್ತಕ, ಗೃಹಪ್ರವೇಶದ ಆಮಂತ್ರಣ ಪತ್ರಿಕೆ.

“ಇವೆಲ್ಲ ಕೆಳಗಿನ ಮನೇದಾಯ್ತು. ಮೇಲ್ಗಡೆ ಯಾರಿದಾರೆ?”

“ನಮ್ಮೋರೇ ಸಾರ್. ತಂಗಿ ಮಗ.”

ಲುಂಗಿಯಲ್ಲಿ ಹಲ್ಲುಜ್ಜುತ್ತಾ ಇಳಿದುಬಂದ ತಂಗಿ ಮಗನಿಗೆ ಇನ್ಸ್‌ಪೆಕ್ಟರು ಕನ್ನಡದಲ್ಲಿ ಏನೋ ಕೇಳಿದರು. ಅವನು ವಿನಯದಿಂದ “ಕನ್ನಡ ಗೊತ್ತಿಲ್ಲ” ಎಂದ. ಅವನಿಗೆ ಬರುತ್ತಿದ್ದ ಕನ್ನಡ ಅಷ್ಟೇ.

“ಉತ್ತರದ ಕಡೆ ಬೆಳೆದೋನು ಸಾರ್,” ಎಂದರು ಅಂಕಲ್.

ಇನ್ಸ್‌ಪೆಕ್ಟರು ತಾಳ್ಮೆಯ ಮನುಷ್ಯ. ಗೇಟಿಗೆ ತೂಗಿದ್ದ ‘ಟು-ಲೆಟ್, ವೆಜಿಟೇರಿಯನ್ಸ್ ಓನ್ಲಿ’ ಬೋರ್ಡನ್ನು ಓದಿದರು. “ಇದು?”

“ಹಳೇದು ಸಾರ್. ತೆಗೆಯೋಕೆ ಮರೆತೆ.”

ಅಷ್ಟರಲ್ಲಿ ಹುಡುಗನೇ, ದಾಖಲೆ ಕೇಳುತ್ತಿದ್ದಾರೆಂದು ಊಹಿಸಿ, ಉಪಕಾರವಾಗಲೆಂದು ಮೇಲೆ ಓಡಿ ಹನ್ನೊಂದು ತಿಂಗಳ ಬಾಡಿಗೆ ಕರಾರುಪತ್ರ ತಂದುಕೊಟ್ಟ. ಛಾಪಾ ಕಾಗದ, ಹತ್ತು ತಿಂಗಳ ಅಡ್ವಾನ್ಸು, ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತು, ಕೊನೆಗೆ ಸೋದರಮಾವನ ಸಹಿ.

ತೆರಿಗೆ ತಿದ್ದುಪಡಿಯಾಯಿತು, ಬಾಕಿ ಕಟ್ಟಿದ್ದೂ ಆಯಿತು. ಮರುವಾರವೇ ಅಂಕಲ್ ಮೇಲೆ ಹತ್ತಿ ಹೋಗಿ, ಕಂದಾಯ ವಿಪರೀತವಾಯಿತು ಎಂದು ನಿಟ್ಟುಸಿರಿಟ್ಟು, ತಿಂಗಳಿಗೆ ಸಾವಿರ ರೂಪಾಯಿ ಏರಿಸಿದರು. ವರ್ಷಕ್ಕೆ ನಾಲ್ಕು ಸಾವಿರದ ನಷ್ಟಕ್ಕೆ ಹನ್ನೆರಡು ಸಾವಿರದ ಸಮಾಧಾನ.

ಹುಡುಗ ಒಪ್ಪಿದ. ಆದರೆ ಅವನಿಗೂ ಒಂದು ಬಿನ್ನಹವಿತ್ತು. ಬಾಡಿಗೆ ವರ್ಷಕ್ಕೆ ಲಕ್ಷ ದಾಟಿದರೆ, ಎಚ್‌ಆರ್‌ಎ ವಿನಾಯಿತಿಗೆ ಮಾಲೀಕರ ಪ್ಯಾನ್ ನಂಬರು ಬೇಕೆಂದು ಅವನ ಆಫೀಸು ಹಟ ಹಿಡಿದಿತ್ತು. ಈಗ ಹೇಗೂ ಸರ್ಕಾರಿ ಲೆಕ್ಕದಲ್ಲೇ ಬಾಡಿಗೆದಾರ ಅಂತಾಯಿತಲ್ಲ, ನಂಬರು ಕೊಡಿ ಅಂಕಲ್ ಎಂದ.

ಅಂಕಲ್ ಅವನ ಹೆಗಲ ಮೇಲೆ ಕೈಯಿಟ್ಟರು. “ನಮ್ಮ ನಮ್ಮೋರ ಮಧ್ಯೆ ಪ್ಯಾನು ಗೀನು ಎಲ್ಲಾ ಯಾಕೆ ಕಂದಾ?”