ಸಿಗದ ಸಂಚಿಕೆಯ ಮೀಮಾಂಸೆ

ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬುದು ಒಂದೇ ಸೂರಿನ ಕೆಳಗಿನ ಅಂಗಡಿಯಲ್ಲ, ಬೀದಿಬೀದಿಗಳಾಗಿ ಹರಡಿಕೊಂಡ ಪೇಟೆಯೆಂಬುದೂ, ಅಲ್ಲಿ ಸೀರೆ, ಬಳೆ, ಪಾತ್ರೆ, ತೊಗರಿಬೇಳೆಗಳೊಡನೆ ಅಭಿಪ್ರಾಯಗಳೂ ಚಿಲ್ಲರೆಯಾಗಿ ಮತ್ತು ಸಗಟಾಗಿ ದೊರೆಯುವುವೆಂಬುದೂ ಆ ಸೀಮೆಯವರಿಗೆ ವಿದಿತವಾದ ಸಂಗತಿಗಳೇ. ಆದರೆ ಅಲ್ಲಿಯ ಚಹಾದಂಗಡಿಗಳ ಬೆಂಚುಗಳ ಮೇಲೆ, ಮಿರ್ಚಿ ಭಜಿಯ ಬಂಡಿಗಳಿಂದೇಳುವ ಘಾಟಿನ ನಡುವೆ, ಯಾವ ವಿದ್ಯಾಪೀಠದ ಆಶ್ರಯವೂ ಇಲ್ಲದೆ, ಯಾವ ಅನುದಾನವನ್ನೂ ಬೇಡದೆ, ಒಂದು ಸ್ವತಂತ್ರ ಶಾಸ್ತ್ರವು ಬೆಳೆದು ನಿಂತಿರುವುದನ್ನು ನಮ್ಮ ಪಂಡಿತರು ಇದುವರೆಗೆ ಲಕ್ಷಿಸದೆ ಹೋದದ್ದು ಶೋಚನೀಯ. ದೀರ್ಘಕಾಲ ನಡೆದ ಚಿತ್ರಕಥೆಗಳಲ್ಲಿ ಉತ್ತಮವಾದುದಾವುದು, ಅಧಮವಾದುದಾವುದು ಎಂಬ ಜಿಜ್ಞಾಸೆಯೇ ಈ ಶಾಸ್ತ್ರದ ವಿಷಯ. ಬಾಲ್ಯದಲ್ಲಿ ಕಾಮಿಕ್ಸು ಓದಿ ಈಗ ತಲೆ ನರೆತವರೆಲ್ಲರೂ ಇದಕ್ಕೆ ಅಧಿಕಾರಿಗಳು. ಪ್ರಯೋಜನವು ಯಾವುದೂ ಇಲ್ಲ. ಸಂಬಂಧವೆಂಬ ನಾಲ್ಕನೆಯ ಅನುಬಂಧವನ್ನು ಕುರಿತು ಹೇಳುವುದಾದರೆ, ವಾದಿ ಪ್ರತಿವಾದಿಗಳು ಬಹುಮಟ್ಟಿಗೆ ಪರಸ್ಪರ ಬೀಗರು. ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲಿನ ದೆಸೆಯಿಂದ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿಯಿರುವುದರಿಂದ, ಶಾಸ್ತ್ರದ ಮಹತ್ತರವಾದ ವ್ಯಾಸಂಗವೆಲ್ಲವೂ ಆ ಎರಡು ಮಾಸಗಳಲ್ಲಿಯೇ ನಡೆದಿದೆಯೆಂಬುದನ್ನು ಇಲ್ಲಿ ಸ್ಮರಿಸದಿದ್ದರೆ ಕೃತಘ್ನತೆಯಾದೀತು.

ಹೊರಗಿನಿಂದ ಬಂದವನು ಮೊದಲು ಬೆರಗಾಗುವುದು ಈ ಸಭೆಯಲ್ಲಿ ಚರ್ಚೆಯು ಅಧಮದಿಂದ ಆರಂಭವಾಗುವುದನ್ನು ಕಂಡು. ಒಳ್ಳೆಯದನ್ನು ಹೊಗಳುವುದಕ್ಕೆ ಮೊದಲೇ ಕೆಟ್ಟದ್ದನ್ನು ಜಾಲಾಡುವುದು ಸೌಜನ್ಯವೇ ಎಂದು ಮೈಸೂರು ಕಡೆಯ ಒಬ್ಬ ಸಂಭಾವಿತರು ಒಮ್ಮೆ ಆಕ್ಷೇಪಿಸಿದ್ದುಂಟು. ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿ, ಇಂದು ಮಳಖೇಡವೆನಿಸಿಕೊಂಡಿರುವ ಮಾನ್ಯಖೇಟದ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ಶ್ರೀವಿಜಯನು ನೃಪತುಂಗನ ಸಮ್ಮತಿಯಿಂದ ರಚಿಸಿದ ಕವಿರಾಜಮಾರ್ಗವು ತನ್ನ ಮೊದಲ ಪರಿಚ್ಛೇದವನ್ನು ದೋಷವಿಚಾರಕ್ಕೇ ಮೀಸಲಿಟ್ಟು, ಅಲಂಕಾರಗಳನ್ನು ಮುಂದಿನ ಪರಿಚ್ಛೇದಗಳಿಗೆ ನೂಕಿರುವುದನ್ನು ಆ ಮಹನೀಯರು ಅರಿತಿದ್ದರೆ ಬಾಯಿ ತೆರೆಯುತ್ತಿರಲಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ನಡೆಯುವುದು ಜಗಳವೆಂದು ಪೊಲೀಸರು ಭಾವಿಸಿದರೆ ಭಾವಿಸಲಿ. ಅದು ರಾಷ್ಟ್ರಕೂಟ ಸಂಪ್ರದಾಯದ ಮುಂದುವರಿಕೆ.

ಶಾಸ್ತ್ರೋತ್ಪತ್ತಿಗೆ ಈ ಊರೇ ಏಕೆ ತಕ್ಕ ಕ್ಷೇತ್ರವಾಯಿತೆಂಬುದಕ್ಕೆ ಭೂಗೋಳದಲ್ಲಿಯೇ ಉತ್ತರವಿದೆ. ಕಲಬುರಗಿಯು ಮುಂಬಯಿ-ಮದರಾಸು ರೈಲುಮಾರ್ಗದ ಮೇಲಿರುವ ಊರು. ಆ ಮಾರ್ಗದ ಒಂದು ತುದಿಯಲ್ಲಿ, 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾದವರು ಇಂದ್ರಜಾಲ ಕಾಮಿಕ್ಸನ್ನು ಆರಂಭಿಸಿ, ಫ್ಯಾಂಟಮ್ ಮತ್ತು ಮಾಂಡ್ರೇಕರನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಮಾತಾಡಿಸಿದರು. ಇನ್ನೊಂದು ತುದಿಯಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರ ಚಂದಮಾಮವು 1949ರಿಂದ ಕನ್ನಡದಲ್ಲಿ ಹೊರಡುತ್ತಿತ್ತು. ಪಶ್ಚಿಮದಿಂದ ಬಂದ ಮುಸುಕುಧಾರಿಯೂ ಪೂರ್ವದಿಂದ ಬಂದ ಬೇತಾಳನೂ ಒಂದೇ ಹಳಿಯ ಮೇಲೆ ಎದುರುಬದುರಾಗಿ ಪ್ರಯಾಣ ಮಾಡಿ ಇಲ್ಲಿ ಸಂಧಿಸಿದರೆಂಬುದನ್ನು ಆಕಸ್ಮಿಕವೆನ್ನಲು ಮನಸ್ಸು ಒಪ್ಪುವುದಿಲ್ಲ. ಇವರ ನಡುವೆ ಬೆಂಗಳೂರಿನ ಸುಧಾ ವಾರಪತ್ರಿಕೆಯು ವಾರಕ್ಕಿಷ್ಟೇ ಎಂದು ಅಳೆದು ಕೊಡುತ್ತಿದ್ದ ಫ್ಯಾಂಟಮ್ ಕಥೆಗೆ ಪ್ರತ್ಯೇಕವಾದ ಪಂಥವೇ ಹುಟ್ಟಿತು. ಆ ಪಂಥದವರು ಇಂದ್ರಜಾಲದವರನ್ನು, ಇಡಿಯ ಕಥೆಯನ್ನು ಒಂದೇ ಗುಕ್ಕಿನಲ್ಲಿ ನುಂಗುವ ಹೊಟ್ಟೆಬಾಕರೆಂದು ಈಗಲೂ ಹೀಗಳೆಯುತ್ತಾರೆ. ಹಿಂದಿ ಬಲ್ಲವರಿಗೆ 1986ರಲ್ಲಿ ರಾಜ್ ಕಾಮಿಕ್ಸಿನ ನಾಗರಾಜನೂ ಮರುವರ್ಷ ಸೂಪರ್ ಕಮಾಂಡೋ ಧ್ರುವನೂ ಪ್ರಾಪ್ತರಾದರು. ಬಾಲಮಂಗಳದ ಡಿಂಗನನ್ನು ನಂಬಿದವರು ವಯಸ್ಸಿನಲ್ಲಿ ಕಿರಿಯರಾದುದರಿಂದ ಅವರಿಗೆ ಬೆಂಚಿನ ಮೇಲೆ ಸ್ಥಳವಿಲ್ಲ, ನಿಂತು ಕೇಳಬಹುದು.

ಅಮರ ಚಿತ್ರಕಥೆಯ ವಿಷಯದಲ್ಲಿ ಮಾತ್ರ ಎಲ್ಲ ಪಂಥಗಳವರೂ ಗೌರವದಿಂದ ಮೌನವಾಗುತ್ತಾರೆ. ಇಂಗ್ಲಿಷಿನವರು ತಮ್ಮದೆಂದುಕೊಳ್ಳುವ ಆ ಮಾಲೆಯು 1965ರಲ್ಲಿ ಬೆಂಗಳೂರಿನಲ್ಲಿ, ಜಿ. ಕೆ. ಅನಂತರಾಮರ ಉದ್ಯಮದಿಂದ, ಕನ್ನಡದಲ್ಲಿಯೇ ಮೊದಲು ಕಣ್ದೆರೆಯಿತೆಂಬುದೂ, ಅದರ ಇಂಗ್ಲಿಷ್ ಅವತಾರವನ್ನು ಬೆಳೆಸಿದ ಅನಂತ ಪೈಗಳು ಕಾರ್ಕಳದಲ್ಲಿ ಜನಿಸಿದವರೆಂಬುದೂ ಅಭಿಮಾನಕ್ಕೆ ಕಾರಣ. ಆದರೆ ಅಭಿಮಾನವೇ ಬೇರೆ, ವಾದಸಾಮಗ್ರಿಯೇ ಬೇರೆ. ಆ ಮಾಲೆಯ ಮಹಾಭಾರತವು 42 ಸಂಚಿಕೆಗಳ ದೀರ್ಘಕಥಾನಕವಾಗಿದ್ದರೂ ಸೂಪರ್ ಮಾರ್ಕೆಟ್ಟಿನಲ್ಲಿ ಅದನ್ನು ಕುರಿತು ಒಂದು ಸಣ್ಣ ಕಲಹವೂ ನಡೆದ ಉದಾಹರಣೆಯಿಲ್ಲ. ಏಕೆಂದರೆ ಕೊನೆಗೆ ಏನಾಯಿತೆಂಬುದು ಭಜಿ ಕರಿಯುವವನಿಗೂ ಗೊತ್ತು. ಈ ಒಂದು ನಿದರ್ಶನದಲ್ಲಿಯೇ ನಮ್ಮ ಸಿದ್ಧಾಂತದ ಬೀಜವಿರುವುದನ್ನು ಸೂಕ್ಷ್ಮಮತಿಗಳು ಈಗಾಗಲೇ ಕಂಡುಕೊಂಡಿರಬಹುದು.

ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸಲು ಪೂರ್ವಿಕರು ಆರು ಲಿಂಗಗಳನ್ನು ವಿಧಿಸಿದ್ದಾರೆ. ಅವುಗಳಲ್ಲಿ ಮೊದಲನೆಯದಾದ ಉಪಕ್ರಮೋಪಸಂಹಾರಗಳ ಐಕ್ಯವೇ ನಮ್ಮ ಶಾಸ್ತ್ರದಲ್ಲಿ ಅಲಭ್ಯ. ಹಳೆಯ ಕಾಮಿಕ್ಸುಗಳು ರದ್ದಿಯ ಅಂಗಡಿಯನ್ನು ಹಾದು ಬರುವ ದಾರಿಯಲ್ಲಿ ಮೊದಲ ಹಾಳೆಯೂ ಕಡೆಯ ಹಾಳೆಯೂ ಭಜಿ ಕಟ್ಟುವುದಕ್ಕೆ ಸಲ್ಲುವುದರಿಂದ, ಓದುಗನಿಗೆ ಉಳಿಯುವುದು ಮಧ್ಯಮಭಾಗ ಮಾತ್ರ; ಆ ಭಜಿಯ ಹಾಳೆಯನ್ನೇ ಬಿಡಿಸಿ ಓದೋಣವೆಂದರೆ ಎಣ್ಣೆ ಹೀರಿ ಪಾರದರ್ಶಕವಾದ ಕಾಗದದಲ್ಲಿ ಎರಡು ಮಗ್ಗುಲಿನ ಚಿತ್ರಗಳೂ ಒಂದರಮೇಲೊಂದು ಮೂಡಿ, ಮಾಂಡ್ರೇಕನ ಟೋಪಿಯು ಫ್ಯಾಂಟಮನ ಕುದುರೆಯ ತಲೆಯಮೇಲೆ ಕುಳಿತಂತೆ ಕಾಣುತ್ತದೆ. ಅಭ್ಯಾಸವೆಂಬ ಲಿಂಗಕ್ಕೆ ಕೊರತೆಯಿಲ್ಲ. ಪ್ರತಿ ಸಂಚಿಕೆಯಲ್ಲಿಯೂ ದುಷ್ಟನ ದವಡೆಯಮೇಲೆ ತಲೆಬುರುಡೆಯ ಗುರುತು ಬೀಳಲೇಬೇಕು. ಅಪೂರ್ವತೆಯನ್ನು ಅದೇ ಕಾರಣಕ್ಕಾಗಿ ಹುಡುಕಬಾರದು. ಅರ್ಥವಾದವು ಹಿಂಬದಿಯ ಜಾಹೀರಾತಿನಲ್ಲಿದೆ. ಫಲವು ಕಮಲಾಪುರದಿಂದ ಬರುತ್ತದೆ. ಅದನ್ನು ಮುಂದೆ ವಿವರಿಸುವೆವು.

ಇರುವುದನ್ನು ತಿಳಿಸುವ ಪ್ರಮಾಣಗಳು ಹೀಗೆ ಒಂದೊಂದಾಗಿ ಕೈಕೊಟ್ಟಮೇಲೆ, ಇಲ್ಲದಿರುವುದನ್ನು ತಿಳಿಸುವ ಪ್ರಮಾಣಕ್ಕೆ ಮೊರೆಹೋಗದೆ ಗತಿಯಿಲ್ಲ. ಕುಮಾರಿಲಭಟ್ಟನ ಅನುಯಾಯಿಗಳು ಅನುಪಲಬ್ಧಿಯೆಂಬ ಆರನೆಯ ಪ್ರಮಾಣವನ್ನು ಅಂಗೀಕರಿಸಿದರೆ ಪ್ರಾಭಾಕರರು ಅದನ್ನು ತಿರಸ್ಕರಿಸಿದರೆಂಬುದು ಪ್ರಸಿದ್ಧ. ಸೂಪರ್ ಮಾರ್ಕೆಟ್ಟಿನವರು ಈ ವಿಷಯದಲ್ಲಿ ಕಟ್ಟಾ ಭಾಟ್ಟರು. ಅವರ ಮತವನ್ನು ಸೂತ್ರರೂಪದಲ್ಲಿ ಹೇಳುವುದಾದರೆ ಹೀಗಾಗುತ್ತದೆ: ಕಥೆಯ ಉತ್ತಮತ್ವವು ಓದಿದ ಸಂಚಿಕೆಗಳಲ್ಲಿರದೆ ಸಿಗದ ಸಂಚಿಕೆಯಲ್ಲಿ ನೆಲೆಸಿರುತ್ತದೆ, ಯಾವ ಕಥೆಯ ಕೊನೆಯು ಕೈಗೆ ಸಿಕ್ಕಿತೋ ಅದು ಅಧಮ.

ಅತಿಶಯೋಕ್ತಿಯೆಂದು ತೋರಿದರೆ ಫ್ಯಾಂಟಮನ ವಿವಾಹಪ್ರಕರಣವನ್ನು ಪರೀಕ್ಷಿಸಬಹುದು. ಲೀ ಫಾಕನು 1936ರಲ್ಲಿ ಕಥೆಯನ್ನಾರಂಭಿಸಿದಾಗಲೇ ಡಯಾನಾ ಎಂಬ ಕನ್ಯೆಯನ್ನು ತಂದು ನಿಲ್ಲಿಸಿದನು. ನಾಲ್ಕು ದಶಕಗಳ ಕಾಲ ಆಕೆ ಕಾದಳು, ಓದುಗರು ಕಾದರು. 1977ರಲ್ಲಿ ಮದುವೆಯಾಯಿತು, ಕಾಲಕ್ರಮದಲ್ಲಿ ಅವಳಿಮಕ್ಕಳೂ ಆದರು, ಕಾಡಿನ ತಲೆಬುರುಡೆ ಗುಹೆಯಲ್ಲಿ ಸಂಸಾರವು ಹೂಡಲ್ಪಟ್ಟಿತು. ಆ ಮದುವೆಯ ಸಂಚಿಕೆಯನ್ನು ಓದಿದ ದಿನವೇ ತಮ್ಮ ಯೌವನ ಮುಗಿಯಿತೆಂದು ಹೇಳುವ ಕಿರಾಣಿ ಸಾಹುಕಾರರೊಬ್ಬರು ಸಭೆಯಲ್ಲಿದ್ದಾರೆ.

“ಮದಿವ್ಯಾದ ಮ್ಯಾಲ ಆಂವ ಫ್ಯಾಂಟಮ್ ಎಲ್ಲಿಂದ ಉಳಿತಾನ್ರಿ ವಕೀಲಸಾಬ್ರ? ನಮ್ಮಂಗ ಸಂತಿಚೀಲ ಹಿಡಕೊಂಡು ಬರಾಂವನ ಆದ.”

“ನಮ್ಮ ಮಾಂಡ್ರೇಕ ಹಂತಾಂವ ಅಲ್ರಿ ಸಾಹುಕಾರ್ರ. ಇನ್ನಾ ಬ್ರಹ್ಮಚಾರಿ ಅದಾನ.”

ವಕೀಲರ ಈ ಹೆಮ್ಮೆಯು ಶಾಸ್ತ್ರೀಯವಾಗಿ ಬಹು ಮಹತ್ತ್ವದ್ದು. ಮಾಂಡ್ರೇಕನೂ ನಾರ್ಡಾಳೂ 1934ರಿಂದ ಪರಿಚಿತರಾಗಿದ್ದು 1997ರಲ್ಲಿ ವಿವಾಹವಾದರು. ಆದರೆ ಇಂದ್ರಜಾಲ ಕಾಮಿಕ್ಸು 1990ರಲ್ಲಿಯೇ ನಿಂತುಹೋಗಿದ್ದುದರಿಂದ ಆ ಲಗ್ನದ ವಾರ್ತೆಯು ಸೂಪರ್ ಮಾರ್ಕೆಟ್ಟನ್ನು ತಲಪಲೇ ಇಲ್ಲ. ಪ್ರಕಾಶಕರು ಬಾಗಿಲು ಹಾಕಿದ್ದರಿಂದ ನಾಯಕನ ಬ್ರಹ್ಮಚರ್ಯವು ರಕ್ಷಿಸಲ್ಪಟ್ಟ ಇಂತಹ ಪ್ರಸಂಗವು ವಿಶ್ವಸಾಹಿತ್ಯದಲ್ಲಿಯೇ ವಿರಳವೆನ್ನಬೇಕು. ವಕೀಲರಿಗೆ ಸತ್ಯವನ್ನು ಹೇಳುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ; ಈ ಪ್ರಬಂಧವನ್ನು ಅವರು ಓದಲಾರರೆಂಬ ಭರವಸೆಯಿಂದ ಇಲ್ಲಿ ಬರೆದಿದ್ದೇವೆ.

ಆದರೆ ಅವಳಿಮಕ್ಕಳ ಜನನದಿಂದ ಉದ್ಭವಿಸಿದ ದಾಯವಿಭಾಗದ ಪ್ರಶ್ನೆಯಲ್ಲಿ ಅದೇ ವಕೀಲರು ತೋರಿದ ಪಾಂಡಿತ್ಯವನ್ನು ಮೆಚ್ಚದಿರುವುದು ಸಾಧ್ಯವಿಲ್ಲ. ಮಿತಾಕ್ಷರೆಯ ಕರ್ತೃವಾದ ವಿಜ್ಞಾನೇಶ್ವರನು ಕಲಬುರಗಿ ಸೀಮೆಯ ಮರತೂರಿನವನೆಂದು ಪ್ರತೀತಿ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಅವನು ಬರೆದ ಆ ವ್ಯಾಖ್ಯಾನದ ಮೇರೆಗೆ, ಪಿತ್ರಾರ್ಜಿತದಲ್ಲಿ ಮಗನಿಗೆ ಜನ್ಮದಿಂದಲೇ ಸ್ವತ್ವವುಂಟು. ಹಾಗಿರುವಲ್ಲಿ, 1536ರಿಂದ ಇಪ್ಪತ್ತೊಂದು ತಲೆಮಾರು ಅವಿಭಕ್ತವಾಗಿ ಬಂದ ಗುಹೆ, ಕುದುರೆ, ನಿಧಿ ಮತ್ತು ಎರಡು ಉಂಗುರಗಳಲ್ಲಿ ಮಗನಾದ ಕಿಟ್ ಎಂಬವನು ತಂದೆಯು ಬದುಕಿರುವಾಗಲೇ ಪಾಲು ಕೇಳಬಹುದಾಗಿದ್ದು, ಪ್ರತಿಯೊಬ್ಬ ಫ್ಯಾಂಟಮನೂ ತಂದೆಯ ಮರಣಶಯ್ಯೆಯವರೆಗೆ ಕಾದುಕುಳಿತದ್ದು ಏಕೆ? ತಂದೆಯ ಮರಣಾನಂತರವೇ ಸ್ವತ್ವವೆನ್ನುವುದು ಬಂಗಾಳದಲ್ಲಿ ನಡೆಯುವ ಜೀಮೂತವಾಹನನ ದಾಯಭಾಗದ ನ್ಯಾಯ. ವಕೀಲರು ಇಲ್ಲಿ ತಮ್ಮ ಬ್ರಹ್ಮಾಸ್ತ್ರವನ್ನು ತೆಗೆದರು. ಲೀ ಫಾಕನ ಮೂಲದಲ್ಲಿ ಆ ಕಾಡಿರುವ ನಾಡಿನ ಹೆಸರು ಬಂಗಾಳವನ್ನೇ ಹೋಲುವ ಬೆಂಗಾಲಿ. ಆದ್ದರಿಂದ ದಾಯಭಾಗವು ಸಲ್ಲುತ್ತಿತ್ತು. ಇಂದ್ರಜಾಲದವರು ಅದನ್ನು ಡೆಂಕಾಲಿಯೆಂದು ತಿದ್ದಿದ ಕ್ಷಣದಿಂದ ಆ ಪ್ರದೇಶವು ಮಿತಾಕ್ಷರೆಯ ಅಧಿಕಾರಕ್ಕೆ ಒಳಪಟ್ಟಿತು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಪ್ರಾಪ್ತವಾಗಿರುವುದರಿಂದ ಮಗಳಾದ ಹೆಲೋಯಿಸಳು ಒಂದು ಉಂಗುರವನ್ನೂ ಅರ್ಧ ಗುಹೆಯನ್ನೂ ಪಡೆಯತಕ್ಕವಳು. ಇಷ್ಟು ತಲೆಮಾರು ಒಂದೇ ಸ್ಥಳದಲ್ಲಿ ವಾಸಿಸಿದ ಕುಟುಂಬಕ್ಕೆ 371 (ಜೆ) ವಿಧಿಯ ಸ್ಥಳೀಯ ಪ್ರಮಾಣಪತ್ರವೇಕೆ ದೊರೆಯಬಾರದೆಂದು ತಹಸೀಲ್ ಕಚೇರಿಯ ಗುಮಾಸ್ತರೊಬ್ಬರು ಕೇಳಿದರು. ರೇಷನ್ ಕಾರ್ಡಿಗೆ ಮುಸುಕಿಲ್ಲದ ಭಾವಚಿತ್ರ ಬೇಕಾಗುವುದರಿಂದ ಆ ಅರ್ಜಿಯು ಮುಂದುವರಿಯಲಿಲ್ಲ.

ಉತ್ತಮದ ವಿಷಯಕ್ಕೆ ಬಂದರೆ, ನಮ್ಮ ಸ್ವಂತದ ಪಕ್ಷಪಾತವನ್ನು ಮರೆಮಾಚುವುದಿಲ್ಲ: ಬೇತಾಳನಿಗೆ ಸಮನಿಲ್ಲ. ಹೆಗಲಮೇಲೆ ಶವ, ಕೈಯಲ್ಲಿ ಖಡ್ಗ, ಕಾಲಡಿಯಲ್ಲಿ ಸ್ಮಶಾನ, ಹೀಗೆ ಶಂಕರ್ ಅವರು ಬರೆದ ಆ ಚಿತ್ರವನ್ನು ತಿಂಗಳು ತಿಂಗಳೂ ನೋಡಿ ಹೆದರದ ಮಗುವಿಲ್ಲ, ಹೆದರಿ ಪುಟ ತಿರುವಿದ ಮಗುವೂ ಇಲ್ಲ. ಚಂದಮಾಮದ ಇತರ ಕಥೆಗಳಂತೆ ಇದೂ ಚಿತ್ರಕಥೆಯಲ್ಲ, ಚಿತ್ರಸಹಿತವಾದ ಕಥೆಯೆಂದು ಇಂದ್ರಜಾಲದವರು ಎತ್ತುವ ಆಕ್ಷೇಪವನ್ನು ಅವರ ಹೊಟ್ಟೆಕಿಚ್ಚಿಗೆ ಬಿಡೋಣ. ಮೂಲದಲ್ಲಿರುವ ಕಥೆಗಳು ಇಪ್ಪತ್ತೈದೇ; ಕಡೆಯ ಪ್ರಶ್ನೆಗೆ ಉತ್ತರ ತೋಚದೆ ರಾಜನು ಸುಮ್ಮನಾಗುವುದರಿಂದ ಅಲ್ಲಿಗೆ ಕಥೆ ಮುಗಿಯುತ್ತದೆ. ಚಂದಮಾಮದ ರಾಜನು ದಶಕಗಟ್ಟಲೆ ಒಮ್ಮೆಯಾದರೂ ಬಾಯಿ ಮುಚ್ಚಿಕೊಂಡಿರಲಿಲ್ಲ. ಉತ್ತರ ಗೊತ್ತಿದ್ದೂ ಸುಮ್ಮನಿರಲಾರದ ಈ ಗುಣವನ್ನು ಸೂಪರ್ ಮಾರ್ಕೆಟ್ಟಿನವರು ದೌರ್ಬಲ್ಯವೆಂದೆಣಿಸದೆ ರಾಜಲಕ್ಷಣವೆಂದೇ ಗಣಿಸುತ್ತಾರೆ.

ಪರದೇಶದ ಸಂಗತಿಗಳೂ ಸಭೆಗೆ ಬರುವುದುಂಟು, ಆದರೆ ಅವುಗಳಿಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ಸೂಪರ್‌ಮ್ಯಾನನು 1992ರಲ್ಲಿ ಸತ್ತು ಮರುವರ್ಷವೇ ಹಿಂತಿರುಗಿದನೆಂದಾಗ, ಅಷ್ಟರಲ್ಲಿ ವರ್ಷಾಂತಿಕ ಮಾಡಿದ್ದರೋ ಇಲ್ಲವೋ ಎಂದಷ್ಟೇ ವಿಚಾರಿಸಿ ಬಿಟ್ಟುಬಿಟ್ಟರು. ಸ್ಪೈಡರ್‌ಮ್ಯಾನನ ಪ್ರತಿರೂಪಿಯ ಕಥೆ ಮಾತ್ರ ಒಂದು ಸಂಜೆಯನ್ನು ನುಂಗಿತು. 1975ರಲ್ಲಿ ಹುಟ್ಟಿ ಸತ್ತನೆನಿಸಿದ್ದ ಒಬ್ಬ ಪ್ರತಿರೂಪಿಯನ್ನು 1994ರಲ್ಲಿ ಮರಳಿ ತಂದು, ಇವನೇ ನಿಜವಾದವನು, ಇಷ್ಟು ವರ್ಷ ನೀವು ಓದಿದವನೇ ನಕಲಿಯೆಂದು ಸಾರಿ, ಕೆಲವೇ ತಿಂಗಳಲ್ಲಿ ಮುಗಿಸಬೇಕಿದ್ದುದನ್ನು ಮಾರಾಟ ಚೆನ್ನಾಗಿದೆಯೆಂಬ ಕಾರಣಕ್ಕೆ 1996ರವರೆಗೆ ಎಳೆದು, ಓದುಗರು ಕೆರಳಿದಮೇಲೆ ಆ ಹೊಸಬನನ್ನೇ ನಕಲಿಯೆಂದು ತಿರುಗಿ ಸಾರಿ ಬೂದಿಯಾಗಿಸಿದರು. ಲೋಕದ ಅಭಿಮಾನಿಗಳು ಇದನ್ನು ಅಧಮೋತ್ತಮವೆಂದು ಎಣಿಸುತ್ತಾರಂತೆ. ಭೂಮಿಯ ಪಹಣಿಯಲ್ಲಿ ಹೆಸರು ತಿದ್ದಿಸಲು ಓಡಾಡಿದ ಅನುಭವವುಳ್ಳ ನಮ್ಮ ಸಭೆಯವರಿಗೆ ಇದರಲ್ಲಿ ಅಸಹಜವೇನೂ ಕಾಣಲಿಲ್ಲ.

ಈಚೆಗೆ ಒಬ್ಬ ತರುಣನು ಇಂದ್ರಜಾಲದ ಸಂಚಿಕೆಗಳೆಲ್ಲವೂ ತನ್ನ ಮೊಬೈಲಿನಲ್ಲಿವೆಯೆಂದೂ, ಯಾವ ಕಥೆಯ ಕೊನೆಯನ್ನು ಬೇಕಾದರೂ ಈಗಲೇ ತೋರಿಸುವೆನೆಂದೂ ಮುಂದೆ ಬಂದಾಗ, ಸಾಹುಕಾರರು ಚಾಳೀಸು ಮನೆಯಲ್ಲಿದೆಯೆಂದರು. ವಕೀಲರು ಆಕಾಶದತ್ತ ನೋಡಿದರು. ಡಿಂಗನ ಪಂಥದವರ ಜೊತೆಗೆ ಅವನನ್ನೂ ನಿಲ್ಲಿಸಲಾಯಿತು.

ಆ ಸಭೆಯಲ್ಲಿ ಪರಮಗೌರವಕ್ಕೆ ಪಾತ್ರರಾದವರು ಕಮಲಾಪುರದ ಒಬ್ಬ ನಿವೃತ್ತ ಮಾಸ್ತರರು. ಎರಡು ಸಂಚಿಕೆಗಳಲ್ಲಿ ಹಂಚಿಬಂದ ಒಂದಾನೊಂದು ಫ್ಯಾಂಟಮ್ ಕಥೆಯ ಪೂರ್ವಾರ್ಧವನ್ನು ಸೂಪರ್ ಮಾರ್ಕೆಟ್ಟಿನವರೆಲ್ಲರೂ ಓದಿದ್ದಾರೆ, ಉತ್ತರಾರ್ಧವನ್ನು ಯಾರೂ ಕಂಡಿಲ್ಲ. ಮಾಸ್ತರರ ಟ್ರಂಕಿನಲ್ಲಿ ಉತ್ತರಾರ್ಧವಿದೆ, ಪೂರ್ವಾರ್ಧವನ್ನು ಅವರು ಕಂಡಿಲ್ಲ. ಹುಮನಾಬಾದ ರಸ್ತೆಯ ಬಸ್ಸಿಳಿದು ಅವರು ಬರುತ್ತಲೇ ಬೆಂಚಿನ ಮಧ್ಯದ ಸ್ಥಳವು ತೆರವಾಗುತ್ತದೆ, ಖಡಕ್ ಚಹಾ ಬರುತ್ತದೆ, ಆ ಕಥೆಯೇ ಸರ್ವೋತ್ತಮವೆಂದು ಎರಡು ಪಕ್ಷದವರೂ ತಂತಮ್ಮ ಅರ್ಧಗಳ ಬಲದಿಂದ ಸಾಧಿಸುತ್ತಾರೆ.

“ಮಾಸ್ತರ, ಈ ಸಲನಾರ ತಂದೀರೇನ್ರಿ ಅದು?”

“ತಂದೀನ್ರಿಪಾ,” ಎಂದು ಮಾಸ್ತರರು ಕೈಚೀಲದಿಂದ, ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪನ್ನು ತೆಗೆದು ಬೆಂಚಿನಮೇಲಿಡುತ್ತಾರೆ.

“ಪುಸ್ತಕ ರೀ?”

“ಹೊತ್ತು ಸಿಗಲಿಲ್ರಿ ಹುಡುಕಾಕ. ನೀವು ನಿಮ್ದು ತಂದೀರೇನು?”

“ಮನ್ಯಾಗ ಎಲ್ಲೋ ಅದರಿ. ಮೊದ್ಲು ಹಣ್ಣು ತಿನ್ರಿ, ಮಾತಾಡೋಣು.”