ಮನೆ ಎಳೆದು ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಡೆನ್ವರ್ ಕಡೆ ಬಂದವರಲ್ಲ. ಬಂದಿದ್ದರೆ, ಮನೆಯನ್ನು ಹಳೇ ಪಿಕಪ್ಪಿಗೆ ಸಿಕ್ಕಿಸಿ ಎಳೆದು ನೋಡು ಎಂದೂ ಸೇರಿಸುತ್ತಿದ್ದರು. ಮೊದಲೆರಡನ್ನು ಮುಗಿಸಿಕೊಂಡಿದ್ದ ನಮ್ಮ ಭಾವನಿಗೆ ಉಳಿದಿದ್ದು ಇದೊಂದೇ.

ಮನೆಯೆಂದರೆ ಕ್ಯಾಂಪರ್ ಟ್ರೈಲರ್. ಮಂಚ, ಒಲೆ, ಬಚ್ಚಲು ಎಲ್ಲ ಉಂಟು. ನೀರು, ಸಾಮಾನು ತುಂಬಿದರೆ 3,200 ಕೆ.ಜಿ. ಎಳೆಯಬೇಕಾದದ್ದು 2007ರ ಪಿಕಪ್. ಮಾರಿದವನು ನಾಲ್ಕು ಟನ್ ಎಳೆಯುತ್ತದೆ ಎಂದಿದ್ದನಂತೆ. ಆ ಕಾಲದಲ್ಲಿ ಕಂಪನಿಗೊಂದು ಅಳತೆ. ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಸುಡುಬಿಸಿಲಲ್ಲಿ, ಎ.ಸಿ. ಪೂರ್ತಿ ಹಾಕಿಕೊಂಡು ಹತ್ತಿ ತೋರಿಸಬೇಕೆಂಬ ಸಮಾನ ಪರೀಕ್ಷೆ ಬಂದದ್ದು ಆಮೇಲೆ.

ಎಳೆಯುವುದೇನೋ ಎಳೆದೀತು, ಹೊರಬೇಕಲ್ಲ? ಟ್ರೈಲರಿನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಅದರ ಮೂತಿಯ ಮೂಲಕ ಪಿಕಪ್ಪಿನ ಮೇಲೆಯೇ ಕೂರುತ್ತದೆ. ಡ್ರೈವರ್ ಬಾಗಿಲು ತೆಗೆದರೆ ಅಂಗೈಯಗಲದ ಚೀಟಿ: ಜನ, ಸಾಮಾನು ಸೇರಿ 680 ಕೆ.ಜಿ. ಮೀರಕೂಡದು. ಅಕ್ಕ, ಭಾವ, ಬೆಳೆದ ಇಬ್ಬರು ಮಕ್ಕಳು: 280. ಮೂತಿಯ ಭಾರ 13 ಪಾಲೆಂದರೂ 416. ಲೆಕ್ಕ ಅಲ್ಲಿಗೇ ಮೀರಿತು; ಅಕ್ಕನ ಗ್ರೈಂಡರ್ ಇನ್ನೂ ಹತ್ತಿಯೇ ಇಲ್ಲ.

ಭಾವ ಎದೆಗುಂದಲಿಲ್ಲ. ಹಿಂದಿನ ಸ್ಪ್ರಿಂಗಿಗೆ ಏರ್‌ಬ್ಯಾಗ್ ಹಾಕಿಸಿದರು. ಕುಸಿದಿದ್ದ ಹಿಂಭಾಗ ಮೇಲೆದ್ದಿತು, ಚೀಟಿಯ ಅಂಕಿ ಮಾತ್ರ ಕದಲಲಿಲ್ಲ; ಆಕ್ಸಲ್, ಚಾಸಿ ಹಳೆಯವೇ ತಾನೆ? ಮುಂದಿನ ಚಕ್ರಗಳಿಗೂ ಭಾರ ಹಂಚುವ ಹಿಚ್ ತಂದರು. ಅದರ ತೂಕವೇ 40 ಕೆ.ಜಿ.! ಟ್ರೈಲರಿನ ಬ್ರೇಕಿಗೊಂದು ಕಂಟ್ರೋಲರ್, ಗೇರ್‌ಬಾಕ್ಸ್ ಎಣ್ಣೆಗೊಂದು ಕೂಲರ್. ಇವೆರಡು ನನ್ನ ಮಟ್ಟಿಗೆ ಸಾರ್ಥಕ ಖರ್ಚು. ಪಶ್ಚಿಮಕ್ಕೆ ಹೊರಟರೆ ಐಸೆನ್‌ಹೋವರ್ ಸುರಂಗ 11,000 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 6,300 ಚಿಲ್ಲರೆ. ಟರ್ಬೊ ಇಲ್ಲದ ಎಂಜಿನ್ ಅಷ್ಟು ಮೇಲೇರುವ ಹೊತ್ತಿಗೆ ಗಾಳಿ ಸಾಲದೆ ಮೂರರಲ್ಲೊಂದು ಪಾಲು ಶಕ್ತಿ ಬಿಟ್ಟುಕೊಟ್ಟಿರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹೋದ ಲಾರಿಗಳು ನುಗ್ಗಿ ನಿಲ್ಲಲೆಂದೇ ಜಲ್ಲಿ ಸುರಿದ ಪಕ್ಕದ ಹಾದಿಗಳಿವೆ. ಅವನ್ನು ಕಂಡ ಮೇಲೆ ಎಳೆಯುವ ಮಾತು ಯಾರಿಗೂ ಬೇಡವಾಗುತ್ತದೆ.

ಗ್ರೈಂಡರಿನದು ಬೇರೆಯೇ ರಾಮಾಯಣ. ಮುಂದಿಟ್ಟರೆ ಮೂತಿಗೆ ಭಾರ. ಭಾರವೆಲ್ಲ ಹಿಂದಾದರೆ ಟ್ರೈಲರ್ ಹೆದ್ದಾರಿಯಲ್ಲಿ ಅತ್ತಿತ್ತ ಓಲಾಡಿ ಪಿಕಪ್ಪನ್ನೇ ಎಳೆದಾಡೀತು. ಸರಿಯಾದ ಜಾಗ ಆಕ್ಸಲಿನ ಮೇಲೆ. ಅಲ್ಲಿರುವುದು ಬಚ್ಚಲು.

"ರೀ, ಹಿಟ್ಟು ರುಬ್ಬೋ ಕಲ್ಲನ್ನ ಬಚ್ಚಲಲ್ಲಿಡ್ತೀರಾ?"

ಮೂರು ಟನ್ನಿನಲ್ಲಿ ಹನ್ನೆರಡು ಕೆ.ಜಿ. ಯಾವ ಲೆಕ್ಕ ಎಂದು ನಾನು ಹೇಳಬಹುದಿತ್ತು. ಅಕ್ಕ-ಭಾವನ ನಡುವೆ ಮಾತಾಡಬಾರದೆಂಬಷ್ಟು ಬುದ್ಧಿ ನನಗಿದೆ.

ಇಷ್ಟಾಗಿ ಹೊರಟಿದ್ದು ಬೆಟ್ಟ ಹತ್ತದೆ ತಲುಪಬಹುದಾದ ಚೆರ್ರಿ ಕ್ರೀಕ್ ಪಾರ್ಕಿಗೆ. ಅದಿರುವುದು ಊರ ಅಂಚಿನಲ್ಲೇ. ಮಕ್ಕಳನ್ನು ಬೇರೆ ಕಾರಿನಲ್ಲಿ ಕಳಿಸಿ ಚೀಟಿಯ ಮರ್ಯಾದೆ ಉಳಿಸಿದರು. ಬೆಳಿಗ್ಗೆ ಅಕ್ಕ ದೋಸೆ ಹುಯ್ಯುತ್ತಿದ್ದಂತೆ ಪಕ್ಕದ ಟ್ರೈಲರಿನ ಅಜ್ಜ ಇತ್ತ ಬಂದರು. ಪರಿಮಳಕ್ಕೆ ಬಂದರೆಂದುಕೊಂಡೆವು. ಅವರು ನೇರ ಪಿಕಪ್ಪಿನ ಹಿಂದೆ ಬಗ್ಗಿ, ಹಿಚ್ ತಟ್ಟಿ ನೋಡಿ, ಹಿಂದಿನ ಆಕ್ಸಲಿನ ಗೇರ್ ರೇಷಿಯೊ ಎಷ್ಟೆಂದು ಕೇಳಿದರು. ಭಾವ 3.55 ಎಂದರು. ಅಜ್ಜ ಲೊಚಗುಟ್ಟಿ, ಕ್ರೌನ್-ಪಿನಿಯನ್ ಬದಲಿಸಿ 4.10 ಮಾಡಿಸಿ ಎಂದರು.

ಅಕ್ಕ ಅವರ ಕೈಗೆ ಬೇಗಬೇಗ ದೋಸೆಯ ತಟ್ಟೆ ಕೊಟ್ಟು ಮಾತು ಬದಲಿಸಿದಳು.